ತೊಂದರೆ ತೆಗೆಯುವ ಅಧಿಕಾರ

ಸಂಕೇಶ್ವರದಲ್ಲಿ ನನಗೆ ಕೆಲಸ ಕಲಿಸಿದ ತೆರಿಗೆ ಸಲಹೆಗಾರರು, ತೆರಿಗೆ ವ್ಯಾಜ್ಯ ಇತ್ಯರ್ಥದ ಯೋಜನೆ ಬಂದಾಗ ಗೊಣಗಿದವರಿಗೆಲ್ಲ ಕನ್ನಡಕ ಹಣೆಗೇರಿಸಿ ಹೇಳುತ್ತಿದ್ದರು: "ನಿಯಮ ಮಾಡೋ ಅಧಿಕಾರ ಸರಕಾರಕ್ಕ ಐತ್ರಿ, ತೊಂದ್ರಿ ಬಂದ್ರ ಆದೇಶ ಹೊರಡಿಸಿ ತೆಗಿಯೋದೂ ಐತಿ."

ಆ ಯೋಜನೆಯಡಿ ಒಬ್ಬ ಬೆಲ್ಲದ ವ್ಯಾಪಾರಿಯ ಅರ್ಜಿಗೆ ಪಾಲುದಾರನಾದ ತಮ್ಮನ ಸಹಿಯೂ ಬೇಕಿತ್ತು. ಅಣ್ಣತಮ್ಮಂದಿರಲ್ಲಿ ಮಾತೇ ಇರಲಿಲ್ಲ.

"ನನ್ನ ತೊಂದ್ರಿ ಅಂದ್ರ ನಮ್ಮ ತಮ್ಮ ನೋಡ್ರಿ. ಸರಕಾರ ತೆಗೀತೈತೇನ್ರಿ?" ಎಂದರು ವ್ಯಾಪಾರಿ.

ಸಲಹೆಗಾರರು ನಗದೆ ತಮ್ಮನಿಗೆ ಫೋನ್ ಮಾಡಿದರು. "ಹೊಸಾ ಆದೇಶ ಬಂದೈತ್ರಿ. ಸಹಿಗಿಂತ ಮೊದಲ ಇಬ್ಬರೂ ಕೂಡಿ ಚಹಾ ಕುಡೀಬೇಕಂತ."

ಮರುದಿನ ತಮ್ಮ ಬಂದು, ಅಣ್ಣನ ಪಕ್ಕ ಕೂತು ಚಹಾ ಕುಡಿದ, ಸಹಿ ಹಾಕಿದ. ಹೊರಡುವಾಗ ತುಟಿಯಂಚಲ್ಲಿ ನಗುತ್ತ ಕೇಳಿದ: "ಸಾಹೇಬ್ರ, ಆದೇಶದಾಗ ಊಟದ್ದೇನರ ಐತೇನ್ರಿ?"

"ಐತ್ರಿ. ಅಣ್ಣಾರ ಮನ್ಯಾಗಂತ," ಎಂದರು ಸಲಹೆಗಾರರು, ಕಡತದಿಂದ ಕಣ್ಣೆತ್ತದೆ.