ಅವರೆಕಾಳು ಹಿದುಕುತ್ತಾ ಕೇಳಿದವಳು

ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿದುಕುತ್ತಾ ಕೂತಿದ್ದಾಗ ಫೋನ್ ಬಂತು. ತುಮಕೂರಿನಿಂದ ಮೈದುನ. ನನ್ನ ವಾರಗಿತ್ತಿ ಬೆಳಗಿನ ಜಾವ ಹೋಗಿಬಿಟ್ಟಳಂತೆ. ಕಿಡ್ನಿ ತೊಂದರೆಯಿಂದ ಬಹಳ ದಿನದಿಂದ ಮಲಗಿದ್ದಳು. ಆ ಕ್ಷಣ ನನ್ನ ಕಣ್ಣಿಗೆ ಕಟ್ಟಿದ್ದು ಅವಳ ಮುಖವಲ್ಲ, ಬಲಗೈ ಹೆಬ್ಬೆರಳು. ಚಿಕ್ಕಂದಿನಲ್ಲಿ ಇಳಿಗೆಮಣೆಗೆ ಸಿಕ್ಕಿ ಉಗುರು ಸೀಳಾಗಿ ಬೆಳೆದಿತ್ತು. ಆ ಸೀಳು ಉಗುರಿನಲ್ಲೇ ಅವಳು ಕಾಳು ಹಿದುಕುತ್ತಿದ್ದಳು. ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ನಾನು ಒಂದು ಹಿಡಿ ಮುಗಿಸುವಷ್ಟರಲ್ಲಿ ಅವಳದು ಬೊಗಸೆ ಮುಗಿದಿರುತ್ತಿತ್ತು. ಅದರಲ್ಲೂ ನನ್ನನ್ನು ಮೀರಿಸಿದ್ದಳು.

ಕುಣಿಗಲ್ ಕಡೆಯ ಹೆಣ್ಣು. ಬಿ.ಎ. ಓದಿದ್ದಳು, ನನ್ನದು ಏಳನೇ ಕ್ಲಾಸು. ನಾವು ಗುಬ್ಬಿಯಲ್ಲಿ, ಅವರು ತುಮಕೂರಿನ ಶಿರಾ ಗೇಟ್ ಹತ್ತಿರ ಬಾಡಿಗೆ ಮನೆಯಲ್ಲಿ. ಅವಳಿಗೆ ಮಕ್ಕಳಾಗಲಿಲ್ಲ. ಹುಡುಗ ಹುಡುಗಿಯರಿಗೆ ಆಟ, ಪಾಠ, ಕಸುಬಿನ ಕೇಂದ್ರಗಳನ್ನು ತೆರೆಯುವ ಒಂದು ಸಂಸ್ಥೆಗೆ ಸೇರಿಕೊಂಡಳು. ಕೇಂದ್ರ ತೆರೆಯುವ ಮೊದಲು ಆ ಊರಿಗೆ ಹೋಗಿ, ಓದು ಬಿಟ್ಟ, ಕೆಲಸವಿಲ್ಲದ ಪ್ರಾಯದ ಮಕ್ಕಳಿಗೆ ನಿಜವಾಗಿ ಏನು ಬೇಕಾಗಿದೆ ಎಂದು ತಿಳಿದುಕೊಂಡು ಬರುವುದು ಅವಳ ಕೆಲಸ.

"ಇದೂ ಒಂದು ಕೆಲ್ಸಾನಾ? ನಮ್ ಮಕ್ಳಿಗೇನು ಬೇಕು ಅಂತ ನಮ್ಗೇ ಗೊತ್ತಿಲ್ವಾ?" ಎಂದು ನಾನು ಯಜಮಾನರ ಮುಂದೆ ಮೂಗು ಮುರಿದಿದ್ದೆ.

ಅವಳು ಸಂಬಳ ತರುತ್ತಾಳೆ ಎಂದು ನನಗೇನೂ ಹೊಟ್ಟೆಕಿಚ್ಚಿರಲಿಲ್ಲ. ದೇವರು ನನಗೆ ಅನ್ನಕ್ಕೆ, ಬಟ್ಟೆಗೆ ಕಡಿಮೆ ಮಾಡಿಲ್ಲ. ಊರೆಲ್ಲ ನೀರಿಗೆ ಪರದಾಡಿದ ಬೇಸಿಗೆಯಲ್ಲೂ ನಮ್ಮ ಬೀದಿಯ ನಲ್ಲಿ ನಿಲ್ಲಲಿಲ್ಲ. ಹೊಟ್ಟೆ ಉರಿದದ್ದು ಮಗಳ ವಿಷಯದಲ್ಲಿ.

ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಫೇಲಾಗಿ ಮನೆಯಲ್ಲಿದ್ದಳು. ಕೇಳಿದವರಿಗೆಲ್ಲ ನಾನು, "ಅವಳ್ಗೆ ಓದು ಬೇಡ್ವಂತೆ, ಮನೇಲೇ ಖುಷಿಯಾಗವ್ಳೆ" ಅನ್ನುತ್ತಿದ್ದೆ. ಅವಳು ಇಲ್ಲ ಅನ್ನುತ್ತಿರಲಿಲ್ಲ. ಆ ಚಳಿಗಾಲ ಗುಬ್ಬಿಯಲ್ಲಿ ಕೇಂದ್ರ ತೆರೆಯುವ ಮಾತು ಬಂದು ವಾರಗಿತ್ತಿ ನಮ್ಮ ಮನೆಯಲ್ಲೇ ಉಳಿದುಕೊಂಡಳು. ಹಿಂದಿನ ವಾರ ಇಲ್ಲೇ ಹತ್ತಿರದ ಕಡಬದಲ್ಲಿ ಸಭೆ ಮಾಡಿ ಸೋತು ಬಂದಿದ್ದಳು.

"ಊರಿನ ಹಿರೀಕರನ್ನೆಲ್ಲ ಕೂರಿಸ್ಕೊಂಡು ಹುಡುಗೀರನ್ನ ಕೇಳ್ದೆ ಅಕ್ಕ. ಒಬ್ಬೊಬ್ಳೂ ಎದ್ದು ನಿಂತು, ಹೊಲಿಗೆ ಮಿಷನ್ ಬೇಕು ಮೇಡಂ, ಅಂದ್ರು. ಆಮೇಲೆ ಕೈ ತೊಳ್ಯೋ ಜಾಗದಲ್ಲಿ ಒಬ್ಳು ಮೆಲ್ಲಗೆ ಹೇಳ್ತಾಳೆ, ನಂಗೆ ಹೊಲಿಗೆ ಕಂಡ್ರೇನೇ ಆಗಲ್ಲ ಅಂತ!"

"ಮತ್ತ್ಯಾಕೆ ಬೇಕು ಅಂದ್ಲಂತೆ?"

"ಅವ್ರಪ್ಪ ಎದುರಿಗೇ ಕೂತಿದ್ರಲ್ಲ!"

ಅದಕ್ಕೇ ನಮ್ಮೂರಲ್ಲಿ ಅವಳು ಸಭೆ ಕರೆಯಲಿಲ್ಲ. ನಮ್ಮ ಬೀದಿಯ ಹುಡುಗಿಯರನ್ನು ಹಿದುಕಿದ ಬೇಳೆಯ ನೆಪದಲ್ಲಿ ಪಡಸಾಲೆಗೆ ಕರೆದಳು. ಮಧ್ಯದಲ್ಲಿ ನೆನೆಸಿದ ಕಾಳಿನ ದೊಡ್ಡ ಪಾತ್ರೆ, ಸುತ್ತ ಹುಡುಗಿಯರು. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಾಳನ್ನೇ ನೋಡುತ್ತಿದ್ದಳು. ಏನು ಬೇಕು ಎಂದು ಕೇಳಲೇ ಇಲ್ಲ. ನಾನು ಅಡುಗೆಮನೆಯಲ್ಲಿ ಟೀ ಕಾಯಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

"ನೆನ್ನೆ ಸಾಯಂಕಾಲ ಎಲ್ಲಿದ್ರೇ ಎಲ್ರೂ?"

"ಇನ್ನೆಲ್ಲಿರ್ತೀವಿ, ಮನೇಲೇ."

"ನಿಮ್ಮಣ್ಣ ಎಲ್ಲಿದ್ದ?"

"ಅವ್ನಾ? ಬಸ್ ಸ್ಟ್ಯಾಂಡಲ್ಲಿ ಬಸ್ ಎಣಿಸ್ತಾ ನಿಂತಿದ್ದ!" ಎಂದು ಒಬ್ಬಳು ಹೇಳಿ ಎಲ್ಲರೂ ನಕ್ಕರು. ಆಮೇಲೆ ಸುಮ್ಮನಾದರು. ಅವಳೂ ಸುಮ್ಮನಿದ್ದಳು. ಬೇಳೆ ಬೀಳುವ ಸದ್ದು ಮಾತ್ರ. ನಾನಾಗಿದ್ದರೆ ಅಷ್ಟರಲ್ಲಿ ಹತ್ತು ಮಾತು ಆಡಿರುತ್ತಿದ್ದೆ.

ಆಗ ನನ್ನ ಮಗಳ ದನಿ ಬಂತು. "ಲೆಕ್ಕ ಯಾರಾದ್ರೂ ಹೇಳ್ಕೊಟ್ರೆ ನಾನು ಇನ್ನೊಂದ್ಸಲ ಪರೀಕ್ಷೆ ಕಟ್ತಿದ್ದೆ ಚಿಕ್ಕಮ್ಮ. ಟ್ಯೂಷನ್ನೆಲ್ಲ ಸಂಜೆ ಮೇಲೇ ಇರುತ್ತೆ. ದೀಪ ಹಚ್ಚೋ ಹೊತ್ಗೆ ಹೆಣ್ಮಕ್ಳು ಹೊಸ್ಲು ಒಳಗಿರ್ಬೇಕು ಅಂತಾರೆ ಅಮ್ಮ. ಅದಕ್ಕೆ ಕೇಳೇ ಇಲ್ಲ."

ನಾನು ಟೀಗೆ ಎರಡು ಸಲ ಸಕ್ಕರೆ ಹಾಕಿದೆ. ಹೆತ್ತವಳು ನಾನು. ಜ್ವರ ಬಂದಾಗ ಯಡಿಯೂರಿನ ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತು ಬರಿಗಾಲಲ್ಲಿ ನಡೆದವಳು ನಾನು. ಬಾಯಿ ಬಿಟ್ಟದ್ದು ಮಾತ್ರ ಎರಡು ದಿನಕ್ಕೆ ಬಂದವಳ ಹತ್ತಿರ! ಹುಡುಗಿಯರು ಹೋದ ಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ.

"ನಂಗ್ ಹೇಳ್ದೇ ಇರೋದನ್ನ ನಿಂಗ್ಯಾಕೇ ಹೇಳಿದ್ಲು? ಏನ್ ಮದ್ದು ಹಾಕಿದೀಯಾ?"

ಅವಳು ನಕ್ಕಳು. "ನಾನು ನಾಡಿದ್ದು ಬಸ್ ಹತ್ತಿ ಹೋಗೋಳು ಅಕ್ಕ, ಅದಕ್ಕೆ ಹೇಳಿದ್ಲು. ನಿಮ್ಗೆ ಹೇಳಿದ್ರೆ ಮಾರನೇ ದಿನಾನೂ ನಿಮ್ ಮುಖ ನೋಡ್ಬೇಕಲ್ಲ? ನಿಮ್ಗೆ ಬೇಜಾರ್ ಮಾಡೋದು ಅವಳ್ಗೆ ಬೇಕಾಗಿಲ್ಲ. ನಂಗ್ ಬೇಜಾರಾದ್ರೆ ಅವಳ್ಗೇನು?"

ಸಮಾಧಾನಕ್ಕೆ ಹೇಳಿದಳೋ, ನಿಜವನ್ನೇ ಹೇಳಿದಳೋ. ನನಗಂತೂ ಇನ್ನಷ್ಟು ಉರಿಯಿತು. ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟ. ಬೈಯೋಣವೆಂದರೆ ತಪ್ಪೇ ಸಿಗುವುದಿಲ್ಲ.

ಸಂಸ್ಥೆಯವರು ಬಸ್ ಸ್ಟ್ಯಾಂಡ್ ಎದುರು ಸಂಜೆ ಹೊತ್ತು ಕೇಂದ್ರ ನಡೆಸಿ ಕೇರಂ ಬೋರ್ಡ್ ಇಡೋಣ ಎಂದಿದ್ದರಂತೆ. ಇವಳು ಹಟ ಹಿಡಿದು, ಹುಡುಗರಿಗೆ ಅದಿರಲಿ, ಹುಡುಗಿಯರಿಗೆ ಬೇರೆ ಎಂದು, ಬಸ್ ಸ್ಟ್ಯಾಂಡಿನವರ ಕಣ್ಣಿಗೆ ಬೀಳದಂತೆ ಓಣಿ ಕಡೆಗೆ ಬಾಗಿಲಿದ್ದ ಒಂದು ಕೋಣೆ ಹುಡುಕಿದಳು. ತಿಂಡಿ, ಮುಸುರೆ, ಬಟ್ಟೆ ಎಲ್ಲ ಮುಗಿಸಿಕೊಂಡು ಬರುವಂತೆ ಹನ್ನೊಂದು ಗಂಟೆಗೆ ಲೆಕ್ಕದ ಪಾಠ ಇಡಿಸಿದಳು. ಕೋಣೆ ತುಂಬಿತು. ಮಗಳು ಪಾಸಾದಳು. ದೇವರಿಗೆ ಕಾಯಿ ಒಡೆಸಿದೆ. ಪ್ರಸಾದದ ಮೊದಲ ಹೋಳನ್ನು ಮಗಳು ಚಿಕ್ಕಮ್ಮನಿಗೆ ಎಂದು ಎತ್ತಿಟ್ಟಳು.

ಆಮೇಲೆ ಓದು ತುಮಕೂರಿನಲ್ಲಿ, ವಾಸ ಚಿಕ್ಕಮ್ಮನ ಮನೆಯಲ್ಲಿ. ರಜಕ್ಕೆ ಬಂದರೆ ನನ್ನ ಸಾರು ನೆಕ್ಕಿ, "ಚಿಕ್ಕಮ್ಮ ಇಷ್ಟು ಹುಳಿ ಹಾಕಲ್ಲಮ್ಮ" ಅನ್ನುವಳು. "ಹಂಗಾದ್ರೆ ಅಲ್ಲೇ ಹೋಗಿ ಉಣ್ಣು" ಅನ್ನುತ್ತಿದ್ದೆ. ಹೋಗುತ್ತಲೂ ಇದ್ದಳು.

ಫೋನ್ ಬಂದ ದಿನ ಹಿದುಕುತ್ತಿದ್ದ ಕಾಳನ್ನು ಪಕ್ಕದ ಮನೆಗೆ ಕೊಟ್ಟು ಹೊರಟೆವು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ಅದೂ ಆ ದೇವರ ದಯೆ. ಅಲ್ಲಿ ಮಗಳು ಚಿಕ್ಕಮ್ಮನ ಕಾಲು ಹಿಡಿದುಕೊಂಡು ಅಳುತ್ತಿದ್ದಳು. ನಾನು ಹೋದರೆ ಇವಳು ಹೀಗೆ ಅಳುತ್ತಾಳಾ ಅನ್ನಿಸಿತು. ಸಿದ್ಧಲಿಂಗೇಶ್ವರ, ಕ್ಷಮಿಸಪ್ಪ ಎಂದುಕೊಂಡೆ. ಆದರೂ ಅನ್ನಿಸಿದ್ದು ಅನ್ನಿಸಿತು.

ಕಾರ್ಯವೆಲ್ಲ ಮುಗಿದ ಮೇಲೆ ಮಗಳು ನಮ್ಮ ಜೊತೆ ಬಂದಳು. ಊಟ ಸೇರದು, ಮಾತಿಲ್ಲ. ಏನಾಯ್ತೇ, ಏನು ಬೇಕೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕಾಳು ನೆನೆಹಾಕಿ, ಮಾರನೆಯ ದಿನ ಪಡಸಾಲೆಯಲ್ಲಿ ಪಾತ್ರೆ ಇಟ್ಟುಕೊಂಡು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಅವಳೂ ಬಂದು ಕೂತಳು. ನಾನು ಅವಳ ಮುಖ ನೋಡಲಿಲ್ಲ, ಕಾಳು ನೋಡಿದೆ. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸವೆಂದು ಆಗ ತಿಳಿಯಿತು. ಇದನ್ನು ವಾರಗಿತ್ತಿ ನನಗಿಂತ ಮೊದಲೇ ಕಲಿತಿದ್ದಳಲ್ಲ ಎಂದು ಮತ್ತೆ ಹೊಟ್ಟೆಕಿಚ್ಚಾಯಿತು.

"ಅಮ್ಮ, ಚಿಕ್ಕಮ್ಮ ಇಲ್ದಿರೋ ಮನೇಲಿ ನಂಗೆ ಇರಕ್ಕಾಗಲ್ಲ. ಇಲ್ಲಿಂದ್ಲೇ ದಿನಾ ರೈಲಲ್ಲಿ ಹೋಗಿ ಬರ್ಲಾ? ಬರೋದು ಕತ್ತಲಾಗುತ್ತೆ. ದೀಪ ಹಚ್ಚೋ ಹೊತ್ಗೆ ಮನೇಲಿರಲ್ಲ."

"ಬಾ ಬುಡು. ದೀಪ ನಾನ್ ಹಚ್ತೀನಿ."

ಅವಳು ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಚಿಕ್ಕಮ್ಮನ ಕೊನೆಯ ದಿನಗಳ ಮಾತು ತೆಗೆದಳು, ಕಾಲೇಜಿನದು ತೆಗೆದಳು, ನಾನು ಕೇಳಿರದ ಎಷ್ಟೋ ವಿಷಯ. ಪಾತ್ರೆಯಲ್ಲಿ ಕಾಳು ಮುಗಿಯುತ್ತಾ ಬಂತು. ಅವಳ ಮಾತು ಮುಗಿದಿರಲಿಲ್ಲ. ನಾನು ಎದ್ದು, ಒಳಗಿದ್ದ ಅವರೆಕಾಯಿಯ ಚೀಲ ತಂದು ಮೊರದ ತುಂಬ ಸುರಿದು, ಒಂದೊಂದೇ ಕಾಯಿ ಸುಲಿಯತೊಡಗಿದೆ.