ಸಮುದ್ರ ತುಂಬಿದ ಉಡಿ

ನಾಳೆ ಬಸುರಿ ಮಗಳಿಗೆ ಉಡಿ ತುಂಬುವ ಶಾಸ್ತ್ರ. ಸೀರೆಗೆಂದು ಅಜ್ಜಿಯ ಕಾಲದ ಟ್ರಂಕು ತೆರೆದರೆ, ಅಡಿಯಲ್ಲಿದ್ದ ಹಸಿರು ರವಿಕೆ ಖಣದ ಮಡಿಕೆಯಿಂದ ಮರಳು ಉದುರಿತು. ಗೋಕರ್ಣದ ಮರಳು!

ನಾನು ಚಿಕ್ಕವಳಿದ್ದಾಗ ಮನೆಯವರೆಲ್ಲ ಅಲ್ಲಿಗೆ ಹೋಗಿದ್ದೆವು. ಆನೆಗೊಂದಿಯ ನಾವು ಹೊಳೆ ಕಂಡವರು, ಸಮುದ್ರ ಕಂಡವರಲ್ಲ. ಗೋಡೆಗಳ ಮೇಲೆ ಕೆಂಪು ಕಾವಿಯ ಚಿತ್ರಗಳಿದ್ದ ಓಣಿ ದಾಟಿದ್ದೇ ತಡ, ನಾನೂ ತಮ್ಮನೂ ಕಿರುಚುತ್ತ ನೀರಿಗೆ ಓಡಿದೆವು. ದಂಡೆಯ ತುಂಬ ಜನ. ಅವರ ನಡುವೆಯೇ ಅವ್ವ, ಊರಲ್ಲಿ ಹೊಳೆಗೆ ಮಾಡುವಂತೆ, ಸಮುದ್ರಕ್ಕೂ ಅರಿಶಿನ ಕುಂಕುಮ ಏರಿಸಿ, ಈ ಹಸಿರು ಖಣದಲ್ಲಿ ಕಟ್ಟಿದ ತೆಂಗಿನಕಾಯಿ ಬಿಟ್ಟಳು. ಹೊಳೆಯಾದರೆ ಒಯ್ಯುತ್ತಿತ್ತು. ಸಮುದ್ರ ಅದನ್ನು ತಿರುಗಿ ತಂದು, ಅಂಚಿನಲ್ಲಿ ಕಾಲು ಚಾಚಿ ಕೂತಿದ್ದ ನಮ್ಮ ಅಜ್ಜಿಯ ಉಡಿಗೇ ಹಾಕಿತು!

ಗಂಡನಿಲ್ಲದವಳಿಗೆ ಉಡಿ ತುಂಬುವ ಪದ್ಧತಿ ನಮ್ಮಲ್ಲಿಲ್ಲ. ಅಜ್ಜಿ ಗಾಬರಿಯಾಗಿ ಅದನ್ನು ನೀರಿಗೆ ಎಸೆದಳು.

"ನಾ ಇದನ್ನ ಹಿಡಿಯೂ ಹಂಗಿಲ್ಲ, ತಾಯಿ!"

ಮುಂದಿನ ತೆರೆ ಮತ್ತೆ ತಂದಿತು. "ಬಂತು, ಬಂತು!" ಎಂದು ನಾವು ಕುಣಿದೆವು.

ಅವ್ವ ಜೋರಾಗಿ ನಕ್ಕಳು. "ಇಟ್ಕೋರಿ ಅತ್ತಿ. ಗಂಗವ್ವ ತಾಯಿನೇ ನಿಮ್ಮ ಉಡಿ ತುಂಬ್ಯಾಳ, ಬ್ಯಾಡ ಅನ್ನಾಕ ನಾವ್ಯಾರು?"

ಅಜ್ಜಿ ಸುತ್ತಲೂ ನೋಡಿದಳು. ನಮ್ಮೂರಿನವರು ಯಾರೂ ಇರಲಿಲ್ಲ. ಒದ್ದೆ ಸೆರಗು ಒಡ್ಡಿ ತೆಗೆದುಕೊಂಡವಳು, ಬಸ್ಸು ಊರು ಮುಟ್ಟುವವರೆಗೂ ಆ ಗಂಟನ್ನು ಯಾರ ಕೈಗೂ ಕೊಡಲಿಲ್ಲ.

ಅಪ್ಪ ಹೋದ ಮೇಲೆ ಅವ್ವ ಇಂಥ ಶಾಸ್ತ್ರಗಳಲ್ಲಿ ಬಾಗಿಲ ಹಿಂದೆ ನಿಲ್ಲುತ್ತಾಳೆ. ನಾಳೆ ಈ ಖಣದಲ್ಲಿ ಕಾಯಿ ಕಟ್ಟಿ ಮೊದಲು ಅವಳ ಉಡಿ ತುಂಬುತ್ತೇನೆ. ಬೇಡವೆಂದು ತಿರುಗಿ ಕೊಟ್ಟರೆ, ಮತ್ತೆ ತಂದು ಹಾಕುತ್ತೇನೆ.