ಕಟ್ಟೆಯ ಆಚೆಗೊಂದು ಸೇವಂತಿಗೆ

ಉದ್ಯಾನಗಳಲ್ಲಿ ನನ್ನ ಗಮನವನ್ನು ಮೊದಲು ಸೆಳೆಯುವುದು ಹೂವಲ್ಲ. ಅದರ ಪಕ್ಕದಲ್ಲಿ ಅಮಲ್ದಾರರ ಗತ್ತಿನಲ್ಲಿ ನಿಂತು ‘ಹೂ ಕೀಳಬಾರದು’ ಎಂದು ಗದರಿಸುವ ಬೋರ್ಡು. ಅದನ್ನು ಓದಿದ ಕೂಡಲೆ, ಅದುವರೆಗೆ ಪರಮ ಸಾಧುಗಳಾಗಿದ್ದ ನನ್ನ ಬೆರಳುಗಳಿಗೆ ತುರಿಕೆ ಶುರುವಾಗುತ್ತದೆ.

ಕೃಷ್ಣರಾಜಸಾಗರದ ಕೆಳಗೆ ಹೊಸದಾಗಿ ಮೈದಳೆದಿದ್ದ ಬೃಂದಾವನಕ್ಕೆ ನಾನು ಹೋದದ್ದು ಒಂದು ಮಹಾಲಯ ಅಮಾವಾಸ್ಯೆಯ ಸಂಜೆ. ಹಿಂದೆ ಕಲ್ಲು, ಗಾರೆ ರಾಶಿ ಬಿದ್ದಿದ್ದ ಜಾಗದಲ್ಲೀಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸುರು, ಬಣ್ಣದ ದೀಪಗಳಲ್ಲಿ ಕುಣಿಯುವ ಕಾರಂಜಿ. ಸೌಂದರ್ಯೋಪಾಸನೆಯಲ್ಲಿ ಮೈಮರೆತವನಂತೆ ನಟಿಸುತ್ತ ಒಂದು ಸೇವಂತಿಗೆ ಕಿತ್ತೆ. ಮಾಲಿ ಕೈ ಹಿಡಿದೇಬಿಟ್ಟ. ಹೆಸರು ನಿಂಗಯ್ಯನೆಂದು ಆಮೇಲೆ ತಿಳಿಯಿತು.

“ಬೋಲ್ಡು ಓದಕ್ ಬರಾಕಿಲ್ವಾ ಬುದ್ಧೀ?”

ನನಗೆ ಬರುವ ಸಂಸ್ಕೃತವನ್ನೆಲ್ಲ ಒಟ್ಟುಗೂಡಿಸಿ ಕ್ಷಮಾಯಾಚನೆಗೆ ಸಿದ್ಧನಾಗುತ್ತಿದ್ದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ.

“ಕಿತ್ತಿದ್ದು ಕಿತ್ತಾಯ್ತು. ಇದ್ನ ಕಟ್ಟೆ ಮ್ಯಾಕೆ ತಕ್ಕೋಗಿ ಆಚೆ ನೀರ್ಗೆ ಆಕ್ಬುಡ್ತೀರಾ? ನನ್ ಮಗಳು ಅಲ್ಲವ್ಳೆ. ಮೇಸ್ತ್ರಿ ಇವತ್ತು ರಜ ಕೊಡ್ನಿಲ್ಲ.”

ಕಟ್ಟೆಯ ನೀರು ನುಂಗಿದ ಹಳ್ಳಿಗಳಲ್ಲೊಂದು ಅವನದು. ಊರು ಬಿಡಬೇಕೆಂಬ ಹುಕುಂ ಬಂದ ಮೇಲೆ ಮಗು ಜ್ವರದಲ್ಲಿ ತೀರಿಕೊಂಡಿತ್ತು.

“ಒಳೆ ಏಟ್ ಉಕ್ಕುದ್ರೂ ಬಸವನ ಗುಡಿ ಮೆಟ್ಲು ದಾಟಿದ್ದ ಕಂಡೋರಿಲ್ಲ. ಅದ್ಕೇ ಗುಡಿ ಹಿಂದ್ಗಡೆ ಮಣ್ ಮಾಡ್ದೆ. ಈ ನೀರು ಬಂದಿದ್ದು ಓಗ್ಲೇ ಇಲ್ಲ ಬುದ್ಧೀ. ಹಿರೀಕರಿಗೆ ಮನೇಲಿ ಎಡೆ ಇಕ್ತಾರೆ, ಮಗೀಗ್ ಯಾರ್ ಇಕ್ತಾರೆ?”

“ಈ ಕಾರಂಜಿಯದೂ ಅದೇ ನೀರಲ್ಲವೇ?” ಎಂದೆ, ಪಂಡಿತನಂತೆ.

“ಇದು ಕೆಳಕ್ಕೋಗೋ ನೀರು. ಅವ್ಳಿರೋದು ಮ್ಯಾಲೆ.”

ನನ್ನ ಜಾಣತನಕ್ಕೆ ನನಗೇ ಹೇಸಿಗೆಯಾಯಿತು. ಏದುಸಿರು ಬಿಡುತ್ತ ಕಟ್ಟೆ ಹತ್ತಿದೆ. ಆಚೆಗೆ ಕಣ್ಣು ಹೋದಷ್ಟು ದೂರ ನೀರು; ಗುಡಿಯಿಲ್ಲ, ಮೆಟ್ಟಿಲಿಲ್ಲ. ಕೈಲಾದಷ್ಟು ದೂರ ಎಸೆದೆ. ಎದುರುಗಾಳಿ ಹೂವನ್ನು ಹಿಂದಕ್ಕೆ ತಂದಿತು. ಅಲೆಗಳು ಅದನ್ನು ಕಟ್ಟೆಯ ಕಲ್ಲಿಗೇ ಬಡಿಯುತ್ತಿದ್ದವು. ಕತ್ತಲಾಗುವವರೆಗೂ ಕಾದೆ. ಅದು ಒಂದು ಮಾರು ಕೂಡ ಮುಂದೆ ಹೋಗಲಿಲ್ಲ.

ಕೆಳಗೆ ನಿಂಗಯ್ಯ ಕಾದಿದ್ದ.

“ಮುಟ್ತಾ ಬುದ್ಧೀ?”

“ಮುಟ್ಟಿತು,” ಎಂದೆ. ಸಲೀಸಾಗಿ ಸುಳ್ಳು ಹೇಳಬಲ್ಲವನು ನಾನು; ಆದರೂ ಕಾರಂಜಿಯ ಕಡೆಗೆ ತಿರುಗಿಕೊಂಡೆ.

ಅವನು ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಂಡು, ಬೋರ್ಡಿಗೆ ಬೆನ್ನು ಮಾಡಿ ಹೇಳಿದ: “ಮುಂದ್ಲೊರ್ಸಾನೂ ಬನ್ನಿ. ಒಂದ್ ಊವ ಕಿತ್ಕಳಿ, ನಾನೇನೂ ಅನ್ನಾಕಿಲ್ಲ.”

ಅವನ ಹೆಗಲಾಚೆ ಬೋರ್ಡನ್ನು ಮತ್ತೊಮ್ಮೆ ಓದಿದೆ. ಬೆರಳು ತುರಿಸಲಿಲ್ಲ.